ಮುರಿದ ಮೂಳೆಯೂ ವಿದ್ಯುತ್ತೂ: ಒಂದು ಚಾರಿತ್ರಿಕ ನೋಟ

ತಿರುಮಕೂಡಲು ನರಸೀಪುರದ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು ಕಾವೇರಿ–ಕಪಿಲೆಯರ ಸಂಗಮ. ಆದರೆ ಪುರಾತತ್ವದ ವಿದ್ಯಾರ್ಥಿಗಳಿಗೆ ಇದೇ ಊರು ಬೇರೆ ಕಾರಣಕ್ಕೆ ಪರಿಚಿತವಾಗಿದೆ. ಇಲ್ಲಿ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಉತ್ಖನನ ನಡೆದು, 1971ರಲ್ಲಿ ಅದರ ವರದಿ ಪ್ರಕಟವಾಯಿತು. ನವಶಿಲಾಯುಗದ ಜನ, ಅಂದರೆ ಇಂದಿಗೆ ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನವರು, ಈ ನದೀ ತೀರದಲ್ಲಿ ಬಾಳಿ, ತಮ್ಮವರನ್ನು ಇಲ್ಲೇ ಮಣ್ಣು ಮಾಡಿದ್ದರು. ಉಜ್ಜಿ ನಯ ಮಾಡಿದ ಕಲ್ಲಿನ ಕೊಡಲಿಗಳು, ಮಡಕೆಗಳು, ಮಲಗುವಾಗ ತಲೆಗೆ ಆಸರೆಯಾಗಿ ಇಟ್ಟುಕೊಳ್ಳುವ ಸುಟ್ಟ ಮಣ್ಣಿನ ದಿಂಬುಗಳು ಸಿಕ್ಕವು. ಮನುಷ್ಯರ ಮೂಳೆಗಳೂ ಸಿಕ್ಕವು. ಅವರ ಭಾಷೆ ಯಾವುದು, ಹಾಡು ಯಾವುದು ಎಂದು ಹೇಳುವವರು ಯಾರೂ ಇಲ್ಲ. ಉಳಿದದ್ದು ಕಲ್ಲು, ಮಣ್ಣು, ಮೂಳೆ ಮಾತ್ರ.

ಮೂಳೆಯನ್ನು ನಾವು ಸತ್ತ ವಸ್ತುವಿನಂತೆ ಕಾಣಲು ಇದೇ ಕಾರಣವಿರಬಹುದು. ಕಬರಿಸ್ತಾನದಲ್ಲಿ, ಕಸಾಯಿಖಾನೆಯಲ್ಲಿ, ಶಾಲೆಯ ಪ್ರಯೋಗಶಾಲೆಯ ಗಾಜಿನ ಕಪಾಟಿನಲ್ಲಿ ನಾವು ನೋಡುವುದು ಒಣಗಿದ ಮೂಳೆ. ಆದರೆ ದೇಹದೊಳಗಿನ ಮೂಳೆ ಒದ್ದೆಯಾದದ್ದು, ರಕ್ತ ಹರಿಯುವಂಥದ್ದು, ದಿನವೂ ಸವೆದು ದಿನವೂ ಕಟ್ಟಿಕೊಳ್ಳುವಂಥದ್ದು. ಮುರಿದರೆ ಗಾಯದ ಕಲೆಯೂ ಉಳಿಯದಂತೆ ಮತ್ತೆ ಮೂಳೆಯಾಗಿಯೇ ಕೂಡಿಕೊಳ್ಳುವ ಶಕ್ತಿ ಅದಕ್ಕಿದೆ. ಚರ್ಮಕ್ಕೂ ಈ ಭಾಗ್ಯವಿಲ್ಲ. ಆದರೂ ಕೆಲವು ಮೂಳೆಗಳು ಕೂಡುವುದಿಲ್ಲ. ಆರು ತಿಂಗಳು, ಒಂಬತ್ತು ತಿಂಗಳು ಕಳೆದರೂ ಎರಡು ತುದಿಗಳ ನಡುವೆ ಬಿರುಕು ಹಾಗೆಯೇ ಇರುತ್ತದೆ. ನಮ್ಮ ನಂಜನಗೂಡು, ನರಸೀಪುರ ತಾಲ್ಲೂಕುಗಳಲ್ಲಿ ತೆಂಗಿನ ಮರ ಹತ್ತುವವನಿಗೆ, ಕಬ್ಬು ಕಡಿಯುವವನಿಗೆ, ಮೈಸೂರಿಗೆ ಬೈಕಿನಲ್ಲಿ ದುಡಿಯಲು ಹೋಗುವ ಹುಡುಗನಿಗೆ ಮೊಣಕಾಲ ಕೆಳಗಿನ ಮೂಳೆ ಕೂಡಲಿಲ್ಲವೆಂದರೆ ಆ ಮನೆಯ ಒಲೆಯೇ ಆರಿದಂತೆ. ಈ ಲೇಖನದ ವಿಷಯ ಆ ಬಿರುಕು, ಮತ್ತು ಅದನ್ನು ತುಂಬಲು ವಿದ್ಯುತ್ತನ್ನು ಕರೆದ ಜನರ ಕಥೆ.

ಮೂಳೆಯ ವಿದ್ಯೆಗೆ ಮುಸ್ಲಿಮರ ಕೊಡುಗೆ ಏನು ಎಂದು ಕೇಳಿದರೆ ನಮ್ಮ ಮಕ್ಕಳು ತಕ್ಷಣ ಇಬ್ನ್ ಸೀನಾ ಎನ್ನುತ್ತಾರೆ. ಸರಿಯೇ. ಕುರ್ತುಬಾದ ಅಬುಲ್ ಕಾಸಿಂ ಅಲ್ ಝಹ್ರಾವಿ ತಮ್ಮ ಮೂವತ್ತು ಭಾಗಗಳ 'ಅತ್ತಸ್ರೀಫ್' ಗ್ರಂಥದ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೆ ಮೀಸಲಿಟ್ಟು, ಅದರಲ್ಲಿ ಮೂಳೆ ಮುರಿತ, ಕೀಲು ತಪ್ಪುವಿಕೆಗಳನ್ನು ವಿವರಿಸಿದರು. ಹನ್ನೆರಡನೆಯ ಶತಮಾನದಲ್ಲಿ ಅದು ಲ್ಯಾಟಿನ್‌ಗೆ ಹೋಯಿತು. ಆದರೆ ನನಗೆ ಇವರೆಲ್ಲರಿಗಿಂತ ಹೆಚ್ಚು ಪ್ರಿಯರಾದವರು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣದ ಒಬ್ಬರು: ಅಬ್ದುಲ್ ಲತೀಫ್ ಅಲ್ ಬಗ್ದಾದಿ. ಜನನ 1162, ಮರಣ 1231. ಅವರು ಈಜಿಪ್ಟಿನಲ್ಲಿದ್ದಾಗ, 1200ರಿಂದ 1202ರವರೆಗೆ, ನೈಲ್ ನದಿಗೆ ನೀರು ಬಾರದೆ ಭೀಕರ ಕ್ಷಾಮ ಬಿತ್ತು. ಹೂಳುವವರೂ ಇಲ್ಲದೆ ಹೆಣಗಳು ರಾಶಿ ಬಿದ್ದವು. ಕೈರೋ ಬಳಿಯ ಒಂದು ಕಡೆ ಮೂಳೆಗಳ ದಿಬ್ಬವೇ ಇತ್ತು. ಬಗ್ದಾದಿ ಅಲ್ಲಿಗೆ ಹೋಗಿ ನೋಡಿದರು.

ಆ ಕಾಲಕ್ಕೆ ಅಂಗರಚನೆಯ ವಿಷಯದಲ್ಲಿ ಗ್ರೀಕ್ ವೈದ್ಯ ಗ್ಯಾಲನ್, ಅಂದರೆ ನಮ್ಮ ಹಕೀಮರು 'ಜಾಲೀನೂಸ್' ಎಂದು ಕರೆಯುವವನು, ಹೇಳಿದ್ದೇ ಕೊನೆಯ ಮಾತು. ಕೆಳದವಡೆ ಎರಡು ಮೂಳೆಗಳು ಕೂಡಿ ಆದದ್ದು ಎಂದು ಅವನು ಬರೆದಿದ್ದ. ಸಾವಿರ ವರ್ಷ ಎಲ್ಲರೂ ಅದನ್ನೇ ಓದಿ ಅದನ್ನೇ ಬರೆದರು. ಬಗ್ದಾದಿ ಆ ದಿಬ್ಬದಲ್ಲಿ ಎರಡು ಸಾವಿರಕ್ಕೂ ಹೆಚ್ಚು ತಲೆಬುರುಡೆಗಳನ್ನು ಪರೀಕ್ಷಿಸಿದರು. ಒಂದರಲ್ಲೂ ಬೆಸುಗೆಯ ಗೆರೆ ಕಾಣಲಿಲ್ಲ. ಕೆಳದವಡೆ ಒಂದೇ ಮೂಳೆ ಎಂದು ಬರೆದರು; ಗ್ಯಾಲನ್ ಎಷ್ಟೇ ದೊಡ್ಡವನಾದರೂ ಕಣ್ಣಿನ ಸಾಕ್ಷ್ಯ ಅವನಿಗಿಂತ ದೊಡ್ಡದು ಎಂಬರ್ಥದ ಮಾತನ್ನೂ ಸೇರಿಸಿದರು. ಹಸಿವಿನಿಂದ ಸತ್ತವರ ನಡುವೆ ನಿಂತು ಇಂಥ ಕೆಲಸ ಮಾಡುವುದಕ್ಕೆ ಎಂಥ ಮನಸ್ಸು ಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ. ಒಂದು ಬುರುಡೆ ನೋಡಿ ಬಿಡಲಿಲ್ಲ, ಹತ್ತು ನೋಡಿ ಬಿಡಲಿಲ್ಲ. ಎರಡು ಸಾವಿರ ಎಂಬ ಆ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನಮ್ಮ ಕಡೆ ವೈದ್ಯದ ಹೆಸರು ಬಂದಾಗ ನಂಜನಗೂಡನ್ನು ಬಿಡುವ ಹಾಗಿಲ್ಲ. ಟಿಪ್ಪು ಸುಲ್ತಾನರ ಪಟ್ಟದಾನೆಯ ಕಣ್ಣಿನ ಕಾಯಿಲೆ ಇಲ್ಲಿ ವಾಸಿಯಾಯಿತೆಂದೂ, ಸುಲ್ತಾನರು ದೇವಾಲಯಕ್ಕೆ ಪಚ್ಚೆಯ ಲಿಂಗ ಅರ್ಪಿಸಿ 'ಹಕೀಮ್ ನಂಜುಂಡ' ಎಂದು ಕರೆದರೆಂದೂ ಊರಿನ ಹಿಂದೂ ಮುಸ್ಲಿಮರಿಬ್ಬರೂ ಹೇಳುತ್ತಾರೆ. ಮೂಳೆ ಮುರಿದವರು ಮಾತ್ರ ಹೆಚ್ಚಾಗಿ ನಾಟಿ ಕಟ್ಟು ಹಾಕುವವರ ಬಳಿಗೇ ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಆಂಧ್ರದ ಪುತ್ತೂರಿನ ಹೆಸರಿನಲ್ಲಿ 'ಪುತ್ತೂರು ಕಟ್ಟು' ಎಂಬ ಬೋರ್ಡನ್ನು ಕರ್ನಾಟಕದ ಎಷ್ಟೋ ಊರುಗಳಲ್ಲಿ ಕಾಣಬಹುದು. ಉರ್ದುವಿನಲ್ಲಿ ಶಸ್ತ್ರವೈದ್ಯನಿಗೆ 'ಜರ್ರಾಹ್' ಎನ್ನುತ್ತಾರೆ; ಮೂಳೆ ಕೂರಿಸುವವನಿಗೂ ಅದೇ ಹೆಸರು ನಡೆಯುತ್ತಿತ್ತು. ಇವರಲ್ಲಿ ಕೈಗುಣವಿದ್ದವರು ಇದ್ದರು. ಆದರೆ ಬಿದಿರ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ ರಕ್ತ ಸಂಚಾರ ನಿಂತು ಕೈಯನ್ನೇ ಕಳೆದುಕೊಂಡವರೂ ಇದ್ದಾರೆ ಎಂಬುದನ್ನು ಮರೆಯಬಾರದು. ಚರ್ಮ ಹರಿದು ಮೂಳೆ ಹೊರಗೆ ಕಂಡಿದ್ದರೆ, ಬೆರಳು ತಣ್ಣಗಾಗಿ ಮರಗಟ್ಟಿದ್ದರೆ, ಅದು ಆಸ್ಪತ್ರೆಯ ಕೆಲಸವೇ.

ಇನ್ನು ವಿದ್ಯುತ್ತಿನ ವಿಷಯ. ಇಟಲಿಯ ಬೊಲೋನ್ಯಾದಲ್ಲಿ ಲುಯಿಜಿ ಗ್ಯಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಅದುರುವುದನ್ನು ಕಂಡು ತನ್ನ ಗ್ರಂಥ ಪ್ರಕಟಿಸಿದ್ದು 1791ರಲ್ಲಿ. ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿದ ವರ್ಷವೂ ಅದೇ. ಕಪ್ಪೆಯ ಕಾಲು ಅದುರಿದ ಮೇಲೆ ಯುರೋಪಿನ ವೈದ್ಯರು ಸುಮ್ಮನಿರುತ್ತಾರೆಯೇ? ಪಾರ್ಶ್ವವಾಯುವಿಗೆ, ಕಿವುಡಿಗೆ, ಹುಚ್ಚಿಗೆ, ಎಲ್ಲದಕ್ಕೂ ವಿದ್ಯುತ್ ಹಾಯಿಸಿದರು. ಕೂಡದ ಮೂಳೆಗೂ ಹಾಯಿಸಿದರು. 1812ರಲ್ಲಿ ಕಾಲಿನ ಮೂಳೆ ಕೂಡದ ಒಬ್ಬ ರೋಗಿಗೆ ವಿದ್ಯುತ್ ಆಘಾತ ಕೊಟ್ಟು ಗುಣವಾದ ಸಂಗತಿಯನ್ನು ಅಮೆರಿಕದ ವೈದ್ಯ ಹಾರ್ಟ್ಸ್‌ಹಾರ್ನ್ 1841ರಲ್ಲಿ ಬರೆದಿಟ್ಟಿದ್ದಾನೆ. ಆದರೆ ಏಕೆ ಗುಣವಾಯಿತು ಎಂಬುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ತಾನಾಗಿಯೇ ಕೂಡಿತೋ ಏನೋ!

ನಮ್ಮ ಜಿಲ್ಲೆಗೆ ವಿದ್ಯುತ್ ಬಂದದ್ದು ನೀರಿನ ದಾರಿಯಲ್ಲಿ. ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿ ತಲಕಾಡು ದಾಟಿ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಯೋಜನೆ 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಬೆಳಗಿತು. 1911ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಯಲ್ಲಿ, ಮೊದಲ ವಿದ್ಯಾರ್ಥಿಗಳು ಸೇರಿದಾಗ ಅಲ್ಲಿದ್ದ ಕೆಲವೇ ವಿಭಾಗಗಳಲ್ಲಿ ವಿದ್ಯುತ್ ತಂತ್ರಜ್ಞಾನವೂ ಒಂದು. ಮೈಸೂರು ಅರಮನೆ ಆ ಸಂಸ್ಥೆಗೆ 371 ಎಕರೆ ಜಮೀನು ಕೊಟ್ಟಿತ್ತು. ಈ ಸಂಸ್ಥೆ ಕಥೆಯಲ್ಲಿ ಎರಡು ಸಲ ಬರುತ್ತದೆ.

ಮೂಳೆ ಕೆಲಸಕ್ಕೆ ತಕ್ಕಂತೆ ಬೆಳೆಯುತ್ತದೆ ಎಂಬ ಸಂಗತಿ ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲಿ ನಿಯಮದ ರೂಪದಲ್ಲಿ ಹೇಳಿದ್ದ. ಭಾರ ಬಿದ್ದಲ್ಲಿ ಮೂಳೆ ದಪ್ಪವಾಗುತ್ತದೆ, ಭಾರ ಇಲ್ಲದಲ್ಲಿ ಸವೆಯುತ್ತದೆ. ವರ್ಷಗಟ್ಟಲೆ ಹಾಸಿಗೆ ಹಿಡಿದವರ ಮೂಳೆ ಟೊಳ್ಳಾಗುವುದು ಇದರಿಂದಲೇ. ಪ್ರಶ್ನೆ ಏನೆಂದರೆ, ಇಲ್ಲಿ ಭಾರ ಬಿತ್ತು ಎಂಬ ಸುದ್ದಿಯನ್ನು ಮೂಳೆಯೊಳಗಿನ ಜೀವಕೋಶಗಳಿಗೆ ತಲುಪಿಸುವವರು ಯಾರು?

ಉತ್ತರದ ಒಂದು ತುಂಡು ಜಪಾನಿನಲ್ಲಿ ಸಿಕ್ಕಿತು. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ದೇಶ ಅದು. ಕ್ಯೋಟೋದ ಮೂಳೆ ವೈದ್ಯ ಇವಾವೋ ಯಸುದ 1953ರ ಸುಮಾರಿಗೆ ಮೊಲದ ತೊಡೆಮೂಳೆಗೆ ತಂತಿ ಜೋಡಿಸಿ, ಕೇವಲ 1 ಮೈಕ್ರೋ ಆಂಪಿಯರ್ ವಿದ್ಯುತ್ತನ್ನು ಮೂರು ವಾರ ಹರಿಸಿದರು. ಮನೆಯಲ್ಲಿ ಉರಿಯುವ 5 ವಾಟ್ ಬಲ್ಬು ಎಳೆಯುವ ವಿದ್ಯುತ್ತು ಇದರ ಇಪ್ಪತ್ತು ಸಾವಿರ ಪಾಲಿಗೂ ಹೆಚ್ಚು ಎಂದರೆ ಅದು ಎಷ್ಟು ಅಲ್ಪ ಎಂದು ತಿಳಿಯುತ್ತದೆ. ಋಣ ತುದಿ ಇದ್ದ ಕಡೆ ಹೊಸ ಮೂಳೆ ಬೆಳೆದಿತ್ತು. ಯಸುದರಿಗೆ ಇನ್ನೊಂದು ಅನುಮಾನವೂ ಇತ್ತು: ಹೊರಗಿನಿಂದ ವಿದ್ಯುತ್ ಕೊಟ್ಟರೆ ಮೂಳೆ ಬೆಳೆಯುತ್ತದೆ ಎಂದಾದರೆ, ಒತ್ತಿದಾಗ ಮೂಳೆ ತಾನೇ ವಿದ್ಯುತ್ ಹುಟ್ಟಿಸುತ್ತಿರಬಹುದಲ್ಲವೇ? ಅವರು ಟೋಕಿಯೋದ ಭೌತಶಾಸ್ತ್ರಜ್ಞ ಐಇಚಿ ಫುಕದರ ಜೊತೆ ಸೇರಿದರು. 1957ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಪ್ರಬಂಧ, ಒಣಗಿದ ಮೂಳೆಯ ತುಂಡನ್ನು ಒತ್ತಿದರೆ ಅದರ ಮೇಲ್ಮೈಯಲ್ಲಿ ವಿದ್ಯುದಾವೇಶ ಕಾಣುತ್ತದೆ ಎಂದು ತೋರಿಸಿತು.

ಇದು ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಹಚ್ಚುವ ಲೈಟರಿನ ತತ್ವವೇ. ಲೈಟರಿನೊಳಗೆ ಒಂದು ಹರಳು ಇರುತ್ತದೆ. ಗುಂಡಿ ಒತ್ತಿದರೆ ಸುತ್ತಿಗೆಯಂಥ ಚಿಕ್ಕ ತುಂಡು ಹರಳಿಗೆ ಬಡಿದು ಕಿಡಿ ಹಾರುತ್ತದೆ. ಬ್ಯಾಟರಿ ಬೇಡ, ತಂತಿ ಬೇಡ. ಒತ್ತಡದಿಂದ ವಿದ್ಯುತ್ ಹುಟ್ಟುವ ಈ ಗುಣವನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಕಂಡಿದ್ದರು. ಹರಳಿಗಿದ್ದ ಗುಣ ಮೂಳೆಗೂ ಇದೆ ಎಂಬುದೇ ಹೊಸ ಸುದ್ದಿ. 1962ರಲ್ಲಿ ಅಮೆರಿಕದ ಬ್ಯಾಸೆಟ್ ಮತ್ತು ಬೆಕರ್ ಇನ್ನೊಂದು ಹೆಜ್ಜೆ ಇಟ್ಟರು. ಮೂಳೆಯನ್ನು ಬಾಗಿಸಿದಾಗ ಒತ್ತಲ್ಪಟ್ಟ ಒಳಬದಿ ಋಣವಾಗುತ್ತದೆ, ಹಿಗ್ಗಿದ ಹೊರಬದಿ ಧನವಾಗುತ್ತದೆ. ಮಕ್ಕಳ ಕಾಲು ಸೊಟ್ಟಗೆ ಕೂಡಿದರೂ ಬೆಳೆಯುತ್ತಾ ನೆಟ್ಟಗಾಗುವುದನ್ನು ನೋಡಿದ್ದೇವಲ್ಲ? ಒಳಬದಿಯಲ್ಲಿ ಮೂಳೆ ಸೇರುತ್ತದೆ, ಹೊರಬದಿಯಲ್ಲಿ ಸವೆಯುತ್ತದೆ. ಋಣ ಬದಿಯಲ್ಲಿ ಕಟ್ಟುವ ಕೆಲಸ, ಧನ ಬದಿಯಲ್ಲಿ ಕೆಡಹುವ ಕೆಲಸ. ಲೆಕ್ಕ ಸರಿಹೋದಂತೆ ಕಂಡಿತು.

ಅಷ್ಟು ಸುಲಭವಾಗಿ ಸರಿಹೋಗಲಿಲ್ಲ. ಒಣ ಮೂಳೆಯಲ್ಲಿ ಕಂಡದ್ದು ಒದ್ದೆ ಮೂಳೆಯಲ್ಲೂ ನಿಜವೇ ಎಂದು ಆಂಡರ್ಸನ್ ಮತ್ತು ಎರಿಕ್ಸನ್ 1968ರಲ್ಲಿ ಕೇಳಿದರು. ಒದ್ದೆಯಾದಾಗ ಆ ಗುಣ ಬಹುತೇಕ ಮಾಯವಾಗುತ್ತದೆ, ಕಾಣುವ ವಿದ್ಯುತ್ತು ಬೇರೆ ದಾರಿಯಿಂದ ಬರುತ್ತಿರಬೇಕು ಎಂಬುದು ಅವರ ವಾದ. ಮೂಳೆಯ ತುಂಬ ಕೂದಲಿಗಿಂತ ಸಣ್ಣ ಕಾಲುವೆಗಳಿವೆ. ನಾವು ಹೆಜ್ಜೆ ಇಟ್ಟಾಗ ಅವುಗಳೊಳಗಿನ ಉಪ್ಪುನೀರು ಒತ್ತಿಕೊಂಡು ಹರಿಯುತ್ತದೆ. ಆವೇಶವುಳ್ಳ ಗೋಡೆಯ ಪಕ್ಕದಲ್ಲಿ ಉಪ್ಪಿನ ಅಯಾನುಗಳು ಸಾಗುವುದರಿಂದ ವಿದ್ಯುತ್ ವಿಭವ ಹುಟ್ಟುತ್ತದೆ. ಜೀವಂತ ಮೂಳೆಯಲ್ಲಿ ಈ ಹರಿವಿನ ವಿದ್ಯುತ್ತೇ ಹೆಚ್ಚು ಮುಖ್ಯವೆಂದು ಬಹಳ ಮಂದಿ ಈಗ ಒಪ್ಪುತ್ತಾರೆ.

ಮೂಳೆಯಲ್ಲಿ ಒತ್ತುವಿದ್ಯುತ್ತಿನ ಮೂಲ ಅದರ ಸುಣ್ಣದ ಭಾಗವಲ್ಲ, ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು. ಬನ್ನೂರು ಕುರಿಗೆ ಹೆಸರಾದ ತಾಲ್ಲೂಕಿನವರು ನಾವು. ಬಕ್ರೀದ್ ಆದ ವಾರದಲ್ಲಿ ಇದನ್ನು ಮನೆಯಲ್ಲೇ ನೋಡಬಹುದು. ತೆಳುವಾದ ಒಂದು ಮೂಳೆಯನ್ನು ವಿನೆಗರ್‌ನಲ್ಲಿ ಮುಳುಗಿಸಿ, ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸುತ್ತಾ ಒಂದೆರಡು ವಾರ ಬಿಟ್ಟರೆ ಸುಣ್ಣದ ಅಂಶ ಕರಗಿ ಮೂಳೆ ರಬ್ಬರಿನಂತೆ ಬಾಗುತ್ತದೆ. ಉಳಿದದ್ದು ಕೊಲಾಜೆನ್. ಇನ್ನೊಂದು ಮೂಳೆಯನ್ನು ಕೆಂಡದಲ್ಲಿ ಬೆಳ್ಳಗಾಗುವವರೆಗೆ ಸುಟ್ಟರೆ ಕೊಲಾಜೆನ್ ಹೋಗಿ ಸುಣ್ಣದ ಭಾಗ ಉಳಿಯುತ್ತದೆ. ಅದನ್ನು ಬೆರಳಲ್ಲಿ ಪುಡಿ ಮಾಡಬಹುದು. ಕಾಂಕ್ರೀಟಿನಲ್ಲಿ ಕಬ್ಬಿಣದ ಸರಳೂ ಸಿಮೆಂಟೂ ಇರುವಂತೆ ಮೂಳೆಯಲ್ಲಿ ಇವೆರಡೂ ಇವೆ. ಆ ಸುಣ್ಣದ ಭಾಗದ ಶಾಸ್ತ್ರೀಯ ಹೆಸರು ಹೈಡ್ರಾಕ್ಸಿಅಪಟೈಟ್.

ಈ ಕೊಲಾಜೆನ್‌ನ ರಚನೆಯನ್ನು ಬಿಡಿಸಿದವರು ನಮ್ಮವರೇ. ಜಿ. ಎನ್. ರಾಮಚಂದ್ರನ್ 1942ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ಓದಲು. ಸರ್ ಸಿ. ವಿ. ರಾಮನ್ ಅವರನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಮೂವತ್ತರ ವಯಸ್ಸಿಗೇ ಮದ್ರಾಸು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಅಲ್ಲಿಗೆ ಬಂದಿದ್ದ ಇಂಗ್ಲೆಂಡಿನ ವಿಜ್ಞಾನಿ ಜೆ. ಡಿ. ಬರ್ನಾಲ್, ಕೊಲಾಜೆನ್‌ನ ರಚನೆ ಇನ್ನೂ ಯಾರಿಗೂ ತಿಳಿದಿಲ್ಲ ಎಂದು ಮಾತಿನ ನಡುವೆ ಹೇಳಿದ್ದೇ ಸಾಕಾಯಿತು. ಮದ್ರಾಸಿನ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ಸ್ನಾಯುರಜ್ಜು ತಂದು ಕ್ಷ-ಕಿರಣ ಹಾಯಿಸಿ, ಗೋಪಿನಾಥ ಕರ್ತಾ ಅವರೊಂದಿಗೆ 1954ರಲ್ಲಿ ಮೂರೆಳೆಯ ಜಡೆಯ ರಚನೆಯನ್ನು ಮುಂದಿಟ್ಟರು. ಮರುವರ್ಷ ಅದನ್ನು ತಿದ್ದಿ ಮೂರೂ ಎಳೆಗಳು ಒಂದರ ಸುತ್ತ ಒಂದು ಸುರುಳಿಯಾಗಿ ಸುತ್ತಿರುವುದನ್ನು ತೋರಿಸಿದರು. ಡಿ.ಎನ್.ಎ. ಖ್ಯಾತಿಯ ಕ್ರಿಕ್ ಈ ರಚನೆಯ ವಿವರಗಳನ್ನು ಆಕ್ಷೇಪಿಸಿದರೂ ಮೂರೆಳೆಯ ಮೂಲ ಕಲ್ಪನೆ ನಿಂತಿತು. ಎಪ್ಪತ್ತರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ ಅಣುಜೀವಭೌತ ಘಟಕ ಕಟ್ಟಿದರು. ಅವರು ತೀರಿಕೊಂಡದ್ದು 2001ರಲ್ಲಿ. ನೊಬೆಲ್ ಬರಲಿಲ್ಲ. ಮೂಳೆಯ ಮಾತು ಬಂದಲ್ಲೆಲ್ಲ ಅವರ ಜಡೆ ಬರುತ್ತದೆ, ಅಷ್ಟೇ ಸಾಕು ಎನ್ನೋಣ.

ಆಸ್ಪತ್ರೆಗಳ ಕಥೆಗೆ ಬರೋಣ. ಫ್ರೀಡನ್‌ಬರ್ಗ್, ಬ್ರೈಟನ್ ಮತ್ತು ಸಂಗಡಿಗರು 1971ರಲ್ಲಿ ಅಮೆರಿಕದಲ್ಲಿ ಕೂಡದ ಕಣಕಾಲ ಮೂಳೆಯನ್ನು ಸಣ್ಣ ವಿದ್ಯುತ್ ಪ್ರವಾಹದಿಂದ ಕೂಡಿಸಿದ ವರದಿ ಪ್ರಕಟಿಸಿದರು. ಬ್ಯಾಸೆಟ್ ತಂತಿಯೇ ಇಲ್ಲದೆ ಹೊರಗಿನಿಂದ ಮಿಡಿಯುವ ಕಾಂತಕ್ಷೇತ್ರದ ಸುರುಳಿಯನ್ನು ತಂದರು. 1979ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಂಥ ಉಪಕರಣಗಳಿಗೆ ಒಪ್ಪಿಗೆ ನೀಡಿತು. ಗುಣವಾದವರ ಪಟ್ಟಿ ಉದ್ದವಾಗುತ್ತಾ ಹೋಯಿತು. ಆದರೆ ಗುಣವಾದವರನ್ನು ಯಾರೊಂದಿಗೆ ಹೋಲಿಸಬೇಕು? ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬಾರ್ಕರ್ ಮತ್ತು ಸಂಗಡಿಗರು ಕೂಡದ ಕಾಲುಮೂಳೆಯ 16 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಯಂತ್ರ, ಇನ್ನೊಂದಕ್ಕೆ ಹೊರಗಿನಿಂದ ಹಾಗೆಯೇ ಕಾಣುವ ಸುಳ್ಳು ಯಂತ್ರ ಕೊಟ್ಟರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. 1984ರಲ್ಲಿ ಫಲಿತಾಂಶ ಬಂತು. ಎರಡು ಗುಂಪುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಯ ಮೂಳೆ ಕೂಡಿತ್ತು. ನಿಜ ಯಂತ್ರಕ್ಕೆ ಯಾವ ಮೇಲುಗೈಯೂ ಕಾಣಲಿಲ್ಲ. ಎಲ್ಲರಿಗೂ ಕಾಲಿಗೆ ಪ್ಲಾಸ್ಟರ್ ಹಾಕಿ ಭಾರ ಬಿಡದಂತೆ ತಿಂಗಳುಗಟ್ಟಲೆ ಇಟ್ಟಿದ್ದರು; ಕೂಡಿಸಿದ್ದು ಆ ವಿಶ್ರಾಂತಿಯೇ ಇರಬಹುದು.

ಹದಿನಾರು ರೋಗಿಗಳು ಎಂದರೆ ತೀರಾ ಕಡಿಮೆ. ಆದ್ದರಿಂದ ಯಂತ್ರ ಪೂರ್ತಿ ವ್ಯರ್ಥ ಎಂದು ಇದೊಂದರಿಂದ ಹೇಳಲಾಗದು, ಉಪಯುಕ್ತ ಎಂದೂ ಹೇಳಲಾಗದು. ಅಲ್ ಬಗ್ದಾದಿಯ ಎರಡು ಸಾವಿರ ಬುರುಡೆ ನೆನಪಾಗುವುದು ಇಲ್ಲಿ. ಆಮೇಲಿನ ನಲವತ್ತು ವರ್ಷಗಳಲ್ಲಿ ಬಂದ ಪರೀಕ್ಷೆಗಳಲ್ಲಿ ಕೆಲವು ಯಂತ್ರದ ಪರ, ಕೆಲವು ವಿರುದ್ಧ. ಜಗತ್ತಿನ ಮೂಳೆ ತಜ್ಞರು ಈಗಲೂ ಇದರ ಬಗ್ಗೆ ಒಂದೇ ಮಾತು ಆಡುವುದಿಲ್ಲ.

ವಿಜ್ಞಾನಿಗಳು ಅಷ್ಟರಲ್ಲಿ ಪ್ರಶ್ನೆಯನ್ನೇ ಬದಲಿಸಿದ್ದರು. ಮೂಳೆಗೆ ಹೊರಗಿನಿಂದ ವಿದ್ಯುತ್ ಹಾಯಿಸುವ ಬದಲು, ಬಿರುಕಿನಲ್ಲಿ ಇಡುವ ವಸ್ತುವೇ ವಿದ್ಯುದಾವೇಶ ಹೊತ್ತಿದ್ದರೆ? ಅದನ್ನು ಮುಟ್ಟುವ ಜೀವಕೋಶ ಏನು ಮಾಡುತ್ತದೆ? ಇಲ್ಲಿ ಮೂಳೆ ಕಟ್ಟುವ ಕೋಶಗಳ ಬಗ್ಗೆ ಒಂದು ಮಾತು. ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಅರವತ್ತು–ಎಪ್ಪತ್ತರ ದಶಕದಲ್ಲಿ ಮೂಳೆಯೊಳಗಿನ ಮಜ್ಜೆಯಲ್ಲಿ ವಿಶೇಷ ಕೋಶಗಳನ್ನು ಗುರುತಿಸಿದರು. ಅವು ಮೂಳೆಯೂ ಆಗಬಲ್ಲವು, ಮೃದ್ವಸ್ಥಿಯೂ ಆಗಬಲ್ಲವು, ಕೊಬ್ಬೂ ಆಗಬಲ್ಲವು. 1991ರಲ್ಲಿ ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್ ಅವಕ್ಕೆ ಇಂದು ಪ್ರಚಲಿತವಾಗಿರುವ ಹೆಸರು ಕೊಟ್ಟರು. ಕನ್ನಡದಲ್ಲಿ ಆಕರಕೋಶ ಎನ್ನುತ್ತೇವೆ, ಕೆಲವರು ಕಾಂಡಕೋಶ ಎನ್ನುತ್ತಾರೆ. ಉರ್ದು ಪತ್ರಿಕೆಗಳಲ್ಲಿ 'ಖಲಿಯಾತೆ ಸಾಕ್' ಎಂದು ನೋಡಿದಾಗ ಭಾಷೆಯ ಮೇಷ್ಟ್ರಾದ ನನಗೆ ಖುಷಿಯಾಯಿತು. ಅರಬ್ಬಿಯಲ್ಲಿ 'ಸಾಕ್' ಎಂದರೆ ಗಿಡದ ಕಾಂಡವೂ ಹೌದು, ಮೊಣಕಾಲ ಕೆಳಗಿನ ಕಾಲೂ ಹೌದು! ಹೆಚ್ಚಾಗಿ ಕೂಡದೆ ಉಳಿಯುವ ಮೂಳೆಯೂ ಅಲ್ಲಿಯದೇ.

ಈ ಕೋಶಗಳು ಕುರುಡರ ಹಾಗೆ. ತಾವು ನಿಂತ ನೆಲವನ್ನು ಮುಟ್ಟಿ ನೋಡಿ ಏನಾಗಬೇಕೆಂದು ತೀರ್ಮಾನಿಸುತ್ತವೆ. 2006ರಲ್ಲಿ ಫಿಲಡೆಲ್ಫಿಯಾದ ಎಂಗ್ಲರ್, ಡಿಶರ್ ಮತ್ತು ಸಂಗಡಿಗರು ಇದನ್ನು ಸ್ಪಷ್ಟವಾಗಿ ತೋರಿಸಿದರು: ಮೆತ್ತಗಿನ ಜೆಲ್ ಮೇಲೆ ಬಿಟ್ಟ ಆಕರಕೋಶಗಳು ನರಕೋಶದ ಕಡೆ ಒಲಿದವು, ಇನ್ನಷ್ಟು ಗಟ್ಟಿಯ ಮೇಲೆ ಸ್ನಾಯುವಿನ ಕಡೆ, ಗಡುಸಾದ ಮೇಲ್ಮೈಯಲ್ಲಿ ಮೂಳೆಯ ಕಡೆ. ನೆಲದ ಗಡುಸುತನವನ್ನು ಓದುವ ಕೋಶ ನೆಲದ ವಿದ್ಯುದಾವೇಶವನ್ನೂ ಓದುತ್ತದೆ.

ಹೇಗೆ ಓದುತ್ತದೆ? ಪ್ಲಾಸ್ಟಿಕ್ ಬಾಚಣಿಗೆಯನ್ನು ಕೂದಲಿಗೆ ಉಜ್ಜಿ ಕಾಗದದ ಚೂರುಗಳ ಬಳಿ ಹಿಡಿದಾಗ ಅವು ಹಾರಿ ಅಂಟಿಕೊಳ್ಳುವುದನ್ನು ಮಕ್ಕಳೂ ಬಲ್ಲರು. ದೇಹದ ದ್ರವದಲ್ಲೂ ಅಂಥದ್ದೇ ನಡೆಯುತ್ತದೆ. ಋಣ ಮೇಲ್ಮೈಗೆ ಮೊದಲು ಕ್ಯಾಲ್ಸಿಯಂ ಅಯಾನುಗಳು ಬಂದು ಸೇರುತ್ತವೆ, ಏಕೆಂದರೆ ಅವು ಧನ. ಅವುಗಳ ಹಿಂದೆ ಫಾಸ್ಫೇಟ್. ರಕ್ತದಲ್ಲಿ ತೇಲುವ ಫೈಬ್ರೊನೆಕ್ಟಿನ್ ಮೊದಲಾದ ಪ್ರೋಟೀನುಗಳು ಆ ಮೇಲ್ಮೈಗೆ ಅಂಟಿ ಒಂದು ತೆಳು ಹಾಸಿಗೆಯಾಗುತ್ತವೆ. ಆವೇಶ ಬದಲಾದರೆ ಅವು ಮಲಗುವ ಭಂಗಿಯೂ ಬದಲಾಗುತ್ತದೆ. ಆಕರಕೋಶ ನೇರವಾಗಿ ಹರಳನ್ನು ಮುಟ್ಟುವುದಿಲ್ಲ, ಈ ಹಾಸಿಗೆಯನ್ನು ಮುಟ್ಟುತ್ತದೆ. ಅದರ ಹೊರಪದರದಲ್ಲಿರುವ ಕೊಕ್ಕೆಗಳು ಹಿಡಿತ ಸಿಕ್ಕಲ್ಲಿ ಗುಂಪುಗೂಡಿ, ಒಳಗಿನ ನಾರುಗಳನ್ನು ಬಿಗಿಗೊಳಿಸುತ್ತವೆ. ಇನ್ನೊಂದು ಕಡೆ ಕೋಶದ ಗೋಡೆಯಲ್ಲಿರುವ ಕ್ಯಾಲ್ಸಿಯಂ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಈ ಎರಡೂ ಸಂದೇಶಗಳು ಬೀಜಕೇಂದ್ರಕ್ಕೆ ಮುಟ್ಟಿ, ಮೂಳೆಯ ದಾರಿಯ ಮುಖ್ಯ ಜೀನು ಎನಿಸಿದ ರಂಕ್ಸ್-2 ಎಚ್ಚರಗೊಳ್ಳುತ್ತದೆ. ಆಮೇಲೆ ಕೋಶ ಕೊಲಾಜೆನ್ ನೇಯುತ್ತದೆ, ಅದರ ಮೇಲೆ ಸುಣ್ಣ ಕೂರುತ್ತದೆ. ಎಲ್ಲ ಹೆಜ್ಜೆಗಳೂ ಎಲ್ಲ ಪ್ರಯೋಗಗಳಲ್ಲೂ ಹೀಗೆಯೇ ಕಂಡಿವೆ ಎಂದಲ್ಲ. ಒಟ್ಟು ದಾರಿ ಇದು.

ಮತ್ತೆ ಜಪಾನೇ ಮುಂದೆ ಬಂತು. 1996ರಲ್ಲಿ ಕಿಮಿಹಿರೊ ಯಮಾಶಿತ ಮತ್ತು ಸಂಗಡಿಗರು ಹೈಡ್ರಾಕ್ಸಿಅಪಟೈಟ್‌ನ ಬಿಲ್ಲೆಯನ್ನು ನೂರಾರು ಡಿಗ್ರಿ ಕಾಯಿಸಿ, ಬಿಸಿಯಿರುವಾಗಲೇ ಹೆಚ್ಚಿನ ವಿದ್ಯುತ್ ಕ್ಷೇತ್ರದಲ್ಲಿಟ್ಟು ಹಾಗೆಯೇ ತಣಿಸಿದರು. ಬಿಲ್ಲೆಯ ಒಂದು ಮುಖ ಋಣ, ಇನ್ನೊಂದು ಧನವಾಗಿ ಆವೇಶ ಒಳಗೇ ಸೆರೆಯಾಯಿತು. ಅದನ್ನು ದೇಹದ್ರವದಂಥ ಉಪ್ಪುನೀರಿನಲ್ಲಿ ಮುಳುಗಿಸಿದಾಗ ಋಣ ಮುಖದಲ್ಲಿ ಮೂಳೆಯಂಥ ಹರಳು ವೇಗವಾಗಿ ಬೆಳೆಯಿತು, ಧನ ಮುಖದಲ್ಲಿ ಬೆಳವಣಿಗೆ ಕುಂಠಿತವಾಯಿತು. ಬ್ಯಾಟರಿಯಿಲ್ಲದೆ, ತಂತಿಯಿಲ್ಲದೆ. ಯಸುದರ ಮೊಲದಲ್ಲಿ ಋಣ ತುದಿಯ ಬಳಿ ಬೆಳೆದ ಮೂಳೆಯೊಂದಿಗೆ ಇದು ಹೊಂದುತ್ತದೆ. ಆದರೆ ಜೀವಕೋಶಗಳನ್ನು ಬಿಟ್ಟು ನೋಡಿದ ನಂತರದ ಪ್ರಯೋಗಗಳಲ್ಲಿ ಕೆಲವೊಮ್ಮೆ ಧನ ಮೇಲ್ಮೈಯೂ ಚೆನ್ನಾಗಿ ಕೆಲಸ ಮಾಡಿದೆ. ಹರಳು ಬೇರೆ, ಜೀವ ಬೇರೆ.

ಬೆಂಗಳೂರಿನ ವಿಜ್ಞಾನ ಸಂಸ್ಥೆ ಎರಡನೆಯ ಸಲ ಬರುವುದು ಇಲ್ಲಿ. ಅಲ್ಲಿನ ಪದಾರ್ಥ ಸಂಶೋಧನಾ ಕೇಂದ್ರದ ಪ್ರೊ. ಬಿಕ್ರಮ್‌ಜಿತ್ ಬಸು, 2013ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಪಡೆದವರು, ತಮ್ಮ ವಿದ್ಯಾರ್ಥಿಗಳೊಂದಿಗೆ ಮೂಳೆಯ ಸುಣ್ಣಕ್ಕೆ ವಿದ್ಯುತ್ ಗುಣ ತುಂಬುವ ಕೆಲಸವನ್ನು ವರ್ಷಗಳಿಂದ ಮಾಡಿದ್ದಾರೆ. ಬರೀ ಹೈಡ್ರಾಕ್ಸಿಅಪಟೈಟ್‌ನ ವಿದ್ಯುತ್ ಗುಣ ದುರ್ಬಲ. ಅದಕ್ಕೆ ಬೇರಿಯಂ ಟೈಟನೇಟ್ ಬೆರೆಸಿದರೆ ಒತ್ತಿದಾಗ ಆವೇಶ ಹುಟ್ಟುವ ಶಕ್ತಿ ಹೆಚ್ಚುತ್ತದೆ, ಕ್ಯಾಲ್ಸಿಯಂ ಟೈಟನೇಟ್ ಬೆರೆಸಿದರೆ ವಿದ್ಯುತ್ ಹರಿಯುವ ಗುಣ ಹೆಚ್ಚುತ್ತದೆ. 2014ರಲ್ಲಿ ಅವರ ತಂಡ ಪ್ರಕಟಿಸಿದ ಒಂದು ಫಲಿತಾಂಶ ಕುತೂಹಲದ್ದು. ಮೂಳೆಗೆ ಒಲಿಯಬೇಕಾದ ಇಂಥ ಮೇಲ್ಮೈಯ ಮೇಲೆ ಮನುಷ್ಯರ ಆಕರಕೋಶಗಳನ್ನು ಬೆಳೆಸಿ, ಬಿಟ್ಟು ಬಿಟ್ಟು ವಿದ್ಯುತ್ ಕೊಟ್ಟಾಗ ಅವು ಮೂಳೆಯ ದಾರಿ ಬಿಟ್ಟು ನರಕೋಶದಂಥ ರೂಪದ ಕಡೆ ಹೊರಟವು. ಅಂದರೆ ವಿದ್ಯುತ್ ಕೊಟ್ಟರೆ ಮೂಳೆಯಾಗುತ್ತದೆ ಎಂಬ ಸರಳ ಸೂತ್ರ ಇಲ್ಲ. ಎಷ್ಟು, ಎಷ್ಟು ಹೊತ್ತು, ಯಾವ ನೆಲದ ಮೇಲೆ ಎಂಬುದರ ಮೇಲೆ ಕೋಶದ ಹಣೆಬರಹ ನಿಂತಿದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಮಂಡಿನೋವಿಗೆ, ಸೊಂಟನೋವಿಗೆ, ಕೂಡದ ಮೂಳೆಗೆ ಆಕರಕೋಶದ ಇಂಜೆಕ್ಷನ್ ಎಂಬ ಜಾಹೀರಾತುಗಳು ನಮ್ಮ ಪಟ್ಟಣಗಳ ಮೊಬೈಲುಗಳಿಗೂ ಬರುತ್ತಿವೆ. ಒಡವೆ ಅಡವಿಟ್ಟು ಲಕ್ಷಗಟ್ಟಲೆ ಕೊಡಲು ಸಿದ್ಧರಾಗುವವರು ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ಮಾರ್ಗಸೂಚಿಯಲ್ಲಿ, ರಕ್ತ ಸಂಬಂಧಿ ಕೆಲವು ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆಗಳನ್ನು ಬಿಟ್ಟರೆ ಉಳಿದ ಆಕರಕೋಶ ಪ್ರಯೋಗಗಳನ್ನು ಅನುಮತಿ ಪಡೆದ ಸಂಶೋಧನೆಯಾಗಿ ಮಾತ್ರ ನಡೆಸಬೇಕೆಂದು ಹೇಳಿದೆ. ಸಂಶೋಧನೆಯಲ್ಲಿ ಭಾಗವಹಿಸುವ ರೋಗಿಯಿಂದ ಹಣ ಕೇಳುವ ಹಾಗಿಲ್ಲ. ಕೇಳಿದರೆ ಅಲ್ಲಿಗೇ ಎದ್ದು ಬರಬಹುದು.

ಆವೇಶಭರಿತ ಮೇಲ್ಮೈಗಳ ಕೆಲಸ ಬಹುಪಾಲು ಗಾಜಿನ ತಟ್ಟೆಯಲ್ಲಿ ಮತ್ತು ಇಲಿ, ಮೊಲಗಳಲ್ಲಿ ನಡೆದಿದೆ. ತಟ್ಟೆಯಲ್ಲಿ ದ್ರವ ಸ್ವಚ್ಛವಾಗಿರುತ್ತದೆ. ಮನುಷ್ಯನ ಕಾಲಿನೊಳಗೆ ರಕ್ತ, ಉಪ್ಪು, ಕೀವು, ಬಿಳಿರಕ್ತಕಣಗಳು ಎಲ್ಲವೂ ಇವೆ. ಬಿಲ್ಲೆಯಲ್ಲಿ ಸೆರೆಹಿಡಿದ ಆವೇಶವನ್ನು ಆ ಉಪ್ಪುನೀರಿನ ಅಯಾನುಗಳು ಬಂದು ಮುಚ್ಚಿಬಿಡುತ್ತವೆ. ಮೂಳೆ ಕೂಡಲು ಬೇಕಾದ ಮೂರು ನಾಲ್ಕು ತಿಂಗಳು ಅದನ್ನು ಜೀವಂತ ಇಡುವುದು ಹೇಗೆ ಎಂಬುದೇ ಈಗ ಪ್ರಯೋಗಾಲಯಗಳಲ್ಲಿರುವ ದೊಡ್ಡ ಪ್ರಶ್ನೆ. ಒತ್ತಿದಾಗ ಹೊಸದಾಗಿ ಆವೇಶ ಹುಟ್ಟಿಸುವ ಬೇರಿಯಂ ಟೈಟನೇಟಿನಂಥ ವಸ್ತುಗಳತ್ತ ಒಲವು ಹೆಚ್ಚಿರುವುದು ಇದರಿಂದ. ರೋಗಿ ಊರುಗೋಲು ಹಿಡಿದು ಒಂದು ಹೆಜ್ಜೆ ಇಟ್ಟರೆ, ಆ ಹೆಜ್ಜೆಯ ಭಾರದಿಂದಲೇ ಬಿರುಕಿನೊಳಗೆ ಮತ್ತೆ ಆವೇಶ ಹುಟ್ಟಬೇಕು ಎಂಬುದು ಅವರ ಲೆಕ್ಕ.